ಟೂತ್‌ಪೇಸ್ಟ್ ಮುಚ್ಚಳದ ಒಂಟೆ

ಪ್ಲಾಸ್ಟಿಕ್ ಚೆಸ್ ಸೆಟ್ಟಿನ ಯೋಗ್ಯತೆಯನ್ನು ಅದರ ಕುದುರೆಯ ಮುಖ ನೋಡಿ ಹೇಳಬಹುದು. ಉಳಿದ ಕಾಯಿಗಳೆಲ್ಲ ದುಂಡಗಿನ ಆಕಾರಗಳು, ಯಾವ ಕಾರ್ಖಾನೆಯಲ್ಲಿ ಮಾಡಿದರೂ ಹೆಚ್ಚು ಕಡಿಮೆ ಒಂದೇ ಥರ. ಕುದುರೆಗೆ ಮಾತ್ರ ಕಣ್ಣು, ಕಿವಿ, ಹಲ್ಲು ಬೇಕು. ಅಚ್ಚು ಮಾಡಿದವನ ಬಂಡವಾಳ ಬಯಲಾಗುವುದು ಅಲ್ಲೇ. ನಮ್ಮ ಮನೆಯ ಕುದುರೆಗಳಲ್ಲಿ ಕೆಲವು ಕತ್ತೆಗಳಂತಿದ್ದವು. ಒಂದು ಜೊತೆಗೆ ಸದಾ ನೆಗಡಿ. ಇನ್ನೊಂದು ಜೊತೆ ಹಲ್ಲುನೋವಿನಲ್ಲೂ ನಗುತ್ತಿತ್ತು. ನನ್ನ ಹೆಂಡತಿ ಶೈಲಜಾಗೆ ಅದೇ ಬಹಳ ಇಷ್ಟ. "ನೋಡ್ರೀ, ಥೇಟ್ ನಮ್ಮ ಮದುವೆ ಫೋಟೋದಲ್ಲಿ ನೀವು ನಿಂತಿರೋ ಹಾಗೇ ಇದೆ," ಎನ್ನುತ್ತಿದ್ದಳು.

ಸೆಟ್ಟುಗಳೆಲ್ಲ ಅವಳವು, ಹೊರುವ ಕೆಲಸ ಮಾತ್ರ ನನ್ನದು. ಅವಳು ಡಾಕ್ಟರು. ಮೊದಲು ಪರ್ತ್, ಆಮೇಲೆ ಬ್ರಿಸ್ಬೇನ್, ಕೊನೆಗೆ ಅಡಿಲೇಡ್ ಎಂದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅವಳು ಹೋದಳು, ರಟ್ಟಿನ ಪೆಟ್ಟಿಗೆಗಳನ್ನು ಹೊತ್ತು ನಾನು ಹಿಂದೆ ಹೋದೆ. ನಾನು ಓದಿದ್ದು ಡಿಪ್ಲೊಮಾ. ಮೈಸೂರಿನಲ್ಲಿ ಪ್ಲಾಸ್ಟಿಕ್ ಬಕೆಟ್ಟು, ಮಗ್ಗು ತಯಾರಿಸುವ ಕಾರ್ಖಾನೆಯಲ್ಲಿ ಅಚ್ಚಿನ ಯಂತ್ರ ನೋಡಿಕೊಳ್ಳುತ್ತಿದ್ದೆ. ದಿನವಿಡೀ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಕುಡಿದವನಿಗೆ ಸಮುದ್ರ ದಾಟಿ ಬಂದ ಮೇಲಾದರೂ ಅದರಿಂದ ಬಿಡುಗಡೆ ಸಿಗುತ್ತದೆ ಎಂಬ ಆಸೆಯಿತ್ತು. ಎರಡು ಸಾವಿರದ ಹತ್ತರ ಸುಮಾರಿಗೆ ನಾವು ಪರ್ತ್‌ನ ಕ್ಯಾನಿಂಗ್ ವೇಲ್‌ನಲ್ಲಿ ಮನೆ ಮಾಡಿದೆವು. ನನಗೆ ಹತ್ತಿರದ ಗೋಡೌನಿನಲ್ಲಿ ಕೆಲಸ ಸಿಕ್ಕಿತು. ಮೊದಲ ಶನಿವಾರವೇ ಶೈಲಜಾ ಒಂದು ಆಪ್ ಶಾಪ್‌ಗೆ ನುಗ್ಗಿದಳು. ಜನ ಕೊಟ್ಟುಹೋದ ಹಳೆಯ ಬಟ್ಟೆ, ಪಾತ್ರೆ, ಆಟಿಕೆಗಳನ್ನು ಮಾರುವ ಅಂಗಡಿ ಅದು. ಹೊರಗೆ ಬರುವಾಗ ಅವಳ ಕೈಯಲ್ಲಿ ಒಂದು ಚೆಸ್ ಡಬ್ಬಿಯಿತ್ತು.

ಅವಳು ಡಬ್ಬಿ ಆರಿಸುವ ಕ್ರಮ ನೋಡಬೇಕಿತ್ತು. ಅಂಗಡಿಯವರು ಡಬ್ಬಿಗೆ ಟೇಪ್ ಸುತ್ತಿರುತ್ತಾರೆ, ಬಿಚ್ಚಿ ನೋಡುವಂತಿಲ್ಲ. ಇವಳು ಅದನ್ನು ಕಿವಿಯ ಹತ್ತಿರ ಹಿಡಿದು, ರೋಗಿಯ ಎದೆ ಪರೀಕ್ಷಿಸುವವಳ ಹಾಗೆ ಕಣ್ಣು ಮುಚ್ಚಿ, ಮೆಲ್ಲಗೆ ಅಲ್ಲಾಡಿಸುವಳು. ಸದ್ದು ತುಂಬಿದಂತಿದ್ದರೆ ವಾಪಸ್ ಇಡುವಳು, ಸಡಿಲವಾಗಿದ್ದರೆ ಕೊಳ್ಳುವಳು. ಅವಳಿಗೆ ಬೇಕಾಗಿದ್ದದ್ದು ಕಾಯಿ ಕಳೆದುಕೊಂಡ ಸೆಟ್ಟೇ! "ಎಲ್ಲಾ ಇರೋದನ್ನ ಯಾರಾದ್ರೂ ತಗೋತಾರೆ ಬಿಡಿ. ಇದನ್ನ ಯಾರ್ ತಗೋತಾರೆ?" ಎಂಬುದು ಅವಳ ವಾದ. ವಾರವೆಲ್ಲ ವಾರ್ಡಿನಲ್ಲಿ ಇಂಥದೇ ಕೆಲಸ ಮಾಡಿ ಶನಿವಾರವೂ ಅದನ್ನೇ ಮಾಡುತ್ತೀಯಲ್ಲ ಎಂದು ನಾನು ರೇಗಿಸುತ್ತಿದ್ದೆ.

ಕಳೆದುಹೋದ ಕಾಯಿಯ ಜಾಗಕ್ಕೆ ಏನನ್ನಾದರೂ ಇಡುವುದು ನಮ್ಮ ಕಡೆಯ ಮನೆಗಳಲ್ಲಿ ಬೆಳೆದವರಿಗೆ ಹೊಸದಲ್ಲ. ಸೋಫಾದ ಕೆಳಗೆ ಆನೆ ಸತ್ತುಹೋಗಿದ್ದರೆ ಅಂಗಿಯ ಗುಂಡಿ ಆನೆಯಾಗುತ್ತದೆ. ಹೊಸ ಸೆಟ್ಟು ಕೊಡಿಸಿ ಎಂದು ಕೇಳುವ ಧೈರ್ಯ ಯಾವ ಮಗುವಿಗಿತ್ತು? ಮೈಸೂರಿನಲ್ಲಿ ಶೈಲಜಾ ಮತ್ತು ಅವಳ ಅಣ್ಣ ಆಡುತ್ತಿದ್ದ ಸೆಟ್ಟಿನಲ್ಲಿ ಒಂದು ಒಂಟೆ ಇರಲಿಲ್ಲ, ಅದರ ಬದಲು ಟೂತ್‌ಪೇಸ್ಟಿನ ಕೆಂಪು ಮುಚ್ಚಳವಿತ್ತು. ಆ ಸೆಟ್ಟು ಯಾವತ್ತೋ ಹಾಳಾಯಿತು. ಮುಚ್ಚಳ ಮಾತ್ರ ಇವಳ ಜೊತೆ ವಿಮಾನ ಹತ್ತಿ ಬಂದಿತ್ತು. ಅದು ಒಂದು ಸೆಟ್ಟಿನಿಂದ ಇನ್ನೊಂದಕ್ಕೆ ವರ್ಗವಾಗುತ್ತಲೇ ಇರುತ್ತಿತ್ತು, ಅವಳ ಹಾಗೆಯೇ.

ಉಳಿದ ಬದಲಿ ಕಾಯಿಗಳಿಗೆ ಅವಳದೊಂದು ನಿಯಮವಿತ್ತು. ಅವು ನಾವಿರುವ ಊರಿನವೇ ಆಗಬೇಕು. ಪರ್ತ್‌ನಲ್ಲಿ ನೀಲಗಿರಿ ಮರದ ಕೆಳಗೆ ಉದುರುವ ಗಟ್ಟಿ ಬೀಜದ ಬಟ್ಟಲುಗಳು, ಇಲ್ಲಿಯವರು ಗಮ್‌ನಟ್ ಎನ್ನುತ್ತಾರಲ್ಲ, ಅವು ಸಿಪಾಯಿಗಳಾದವು. ಬ್ರಿಸ್ಬೇನಿನಲ್ಲಿ ನಮ್ಮ ಮನೆಯಿದ್ದದ್ದು ಸೇಂಟ್ ಲೂಸಿಯಾದಲ್ಲಿ. ಫೆರ್ರಿಗೆ ಕಾಯುವಾಗ ಹೆಕ್ಕಿದ ನುಣ್ಣನೆಯ ಕಲ್ಲು, ಮಗಳು ಮೇಘನಾ ಕಚ್ಚಿ ವಿಕಾರಗೊಳಿಸಿದ ಪೆನ್ನಿನ ಕ್ಯಾಪು ಸೈನ್ಯಕ್ಕೆ ಸೇರಿದವು. ಅಡಿಲೇಡಿನಲ್ಲಿ ಪಕ್ಕದ ಮನೆಯವರ ವೈನ್ ಬಾಟಲಿಯ ಬಿರಡೆ ಆನೆಯಾಯಿತು. ಹೆಂಡ ಮುಟ್ಟದ ಮನೆಯಲ್ಲಿ ಆ ಆನೆಯೊಂದೇ ಸ್ವಲ್ಪ ವಾಸನೆ ಬೀರುತ್ತಿತ್ತು. ಆಸ್ಪತ್ರೆಯ ಔಷಧಿ ಬುಡ್ಡಿಗಳ ಬಣ್ಣಬಣ್ಣದ ಪ್ಲಾಸ್ಟಿಕ್ ಮುಚ್ಚಳಗಳಂತೂ ಅವಳ ಕೋಟಿನ ಜೇಬಿನಿಂದ ಬಟ್ಟೆ ಒಗೆಯುವ ಯಂತ್ರಕ್ಕೆ ಬಿದ್ದು ಗಲಗಲ ಎನ್ನುತ್ತಿದ್ದವು.

ಕಾಯಿಗಳ ಹೆಸರನ್ನು ಮಾತ್ರ ಅವಳು ಯಾವ ಊರಿಗೂ ಬಿಟ್ಟುಕೊಡಲಿಲ್ಲ. ಮೇಘನಾ ಶಾಲೆಯ ಚೆಸ್ ಕ್ಲಬ್ಬಿನಲ್ಲಿ ಒಂದು ದಿನ ತನ್ನ ಕ್ಯಾಮಲ್ ಹೋಗಿ ಎದುರಿನವನ ಎಲಿಫೆಂಟನ್ನು ಹೊಡೆಯಿತು ಎಂದು ಘೋಷಿಸಿ, ನಗೆಪಾಟಲಾಗಿ ಮನೆಗೆ ಬಂದಿದ್ದಳು. "ಅಮ್ಮಾ, ಇಟ್ಸ್ ಅ ಬಿಷಪ್! ಅಂಡ್ ಇಟ್ಸ್ ಅ ಕಾಸಲ್!" ಶೈಲಜಾ ಶಾಂತವಾಗಿ, "ಕೋಟೆ ಎಲ್ಲಾದ್ರೂ ನಡೆಯುತ್ತೇನೇ? ಆನೆ ಆದ್ರೆ ನಡೆಯುತ್ತೆ. ನಿಮ್ಮ ಮೇಷ್ಟ್ರನ್ನ ಕೇಳು," ಎಂದಳು. ಆ ಮಾತು ನನಗೆ ಈಗಲೂ ಸರಿಯೆನಿಸುತ್ತದೆ. ಇಡೀ ಕೋಟೆ ಬುಡಸಮೇತ ಎದ್ದು ಮೈದಾನ ದಾಟುವುದನ್ನು ಒಪ್ಪುವ ಜನ ಒಂಟೆಗೆ ಯಾಕೆ ನಗಬೇಕು? ಈ ದೇಶದ ಮರುಭೂಮಿಯಲ್ಲಿ ಒಂಟೆಗಳು ಬೇಕಾದಷ್ಟಿವೆ.

ಕನ್ನಡದವರು ಊಟಕ್ಕೆ ಸೇರಿದಾಗ ಯಾರಾದರೂ ಕೆಣಕದೆ ಬಿಡುತ್ತಿರಲಿಲ್ಲ. "ಡಾಕ್ಟ್ರೇ, ಇಷ್ಟ್ ದುಡಿದೂ ಒಂದ್ ಒಳ್ಳೇ ಮರದ ಸೆಟ್ ತಗೊಳ್ಳೋಕಾಗಲ್ವಾ?" ಇವಳ ಉತ್ತರ ಸಿದ್ಧವಿರುತ್ತಿತ್ತು. "ಮರದ್ದು ಶೋಕೇಸಲ್ಲಿ ಕೂತ್ಕೊಂಡು ನಮ್ಮನ್ನ ನೋಡುತ್ತೆ. ಇದು ಕೆಳಗ್ ಬಿದ್ರೆ ಎತ್ಕೊಂಡು ಆಡ್ಬಹುದು." ನಾನು ಕೂಡ ಕೆಣಕುವವರ ಪಕ್ಷವೇ. ಕಸುಬುದಾರನ ಗತ್ತಿನಲ್ಲಿ ಕಾಯಿಗಳನ್ನು ತಿರುಗಿಸಿ, ಅಚ್ಚಿನ ಎರಡು ಭಾಗ ಕೂಡಿದ ಗೆರೆ ಕುದುರೆಯ ಮೂಗಿನ ಮೇಲೇ ಬಂದಿದೆ, ಸರಿಯಾಗಿ ಉಜ್ಜಿಲ್ಲ, ಒಳಗೆಲ್ಲ ಟೊಳ್ಳು, ಫ್ಯಾನು ಹಾಕಿದರೆ ಯುದ್ಧಭೂಮಿಯೇ ಹಾರಿಹೋಗುತ್ತದೆ ಎಂದು ತೀರ್ಪು ಕೊಡುತ್ತಿದ್ದೆ.

ಆ ಟೊಳ್ಳು ಕಾಯಿಗಳ ಬೆಲೆ ನನಗೆ ಗೊತ್ತಾದದ್ದು ಅಡಿಲೇಡಿನಲ್ಲಿ, ಅವಳಿಗೆ ಕಾಯಿಲೆ ಬಂದ ಮೇಲೆ. ಸ್ಕ್ಯಾನ್ ರಿಪೋರ್ಟನ್ನು ಅವಳೇ ಓದಿ, ಮಡಚಿ, "ಕಾಫಿ ಮಾಡ್ತೀರಾ?" ಎಂದಳು. ಆಮೇಲಿನ ತಿಂಗಳುಗಳಲ್ಲಿ ಅವಳ ಬೆರಳುಗಳಲ್ಲಿ ಶಕ್ತಿ ಉಳಿಯಲಿಲ್ಲ. ಕಾಫಿ ಲೋಟ ಭಾರ, ಫೋನು ಭಾರ. ಆದರೆ ಆ ಹಗುರ ಕಾಯಿಗಳನ್ನು ಎತ್ತಿ ಇಡಲು ಕೊನೆಯ ವಾರದ ತನಕವೂ ಆಗುತ್ತಿತ್ತು. ಸಂಜೆ ಹಾಸಿಗೆಯ ಮೇಲೆ ಬೋರ್ಡ್ ಹಾಸಿಕೊಂಡು ಆಡುತ್ತಿದ್ದೆವು. ಅವಳೇ ಗೆಲ್ಲುತ್ತಿದ್ದಳು. ನಾನು ಬೇಕೆಂದು ಸೋತೆನೆಂದು ನೀವು ಭಾವಿಸಿದರೆ ನನ್ನ ಆಟ ನಿಮಗೆ ಗೊತ್ತಿಲ್ಲ ಎಂದರ್ಥ.

ಅವಳು ಹೋದ ಮೇಲೆ ಅಡಿಲೇಡಿನಲ್ಲಿ ನನಗೆ ಕೆಲಸವಿರಲಿಲ್ಲ. ಕ್ಯಾನಿಂಗ್ ವೇಲ್‌ನ ಹಳೆಯ ಗೋಡೌನಿನವರು ಕರೆದರು. ಅಲ್ಲಿನ ಸ್ನೇಹಿತರೊಬ್ಬರು ತಮ್ಮ ಮನೆಯ ಹಿಂದಿನ ಒಂದೇ ಕೋಣೆಯನ್ನು ಬಿಟ್ಟುಕೊಟ್ಟರು. ಅಲ್ಲಿ ಮಂಚ ಹಾಕಿದರೆ ಮೇಜಿಗೆ ಜಾಗವಿಲ್ಲ, ಇನ್ನು ಚೆಸ್ ಪೆಟ್ಟಿಗೆಗಳಿಗೆ ಎಲ್ಲಿ? ಒಂದು ಸೆಟ್ಟು ಇಟ್ಟುಕೊಂಡು ಉಳಿದವನ್ನು ಕೊಟ್ಟುಬಿಡೋಣ ಎಂದುಕೊಂಡೆ. ಯಾವ ಒಂದು? ಶೈಲಜಾ ಇವುಗಳಲ್ಲಿ ಯಾವುದರಲ್ಲಿದ್ದಾಳೆ? ತಪ್ಪಾದದ್ದನ್ನು ಇಟ್ಟುಕೊಂಡು ಅವಳಿದ್ದ ಡಬ್ಬಿಯನ್ನೇ ಕೊಟ್ಟುಬಿಟ್ಟರೆ? ಡಬ್ಬಿಗಳನ್ನು ತೆರೆದು ನೋಡುವ ಶಕ್ತಿ ನನಗಿರಲಿಲ್ಲ. ಒಂದು ವಾರ ಹೀಗೆ ಒದ್ದಾಡಿ, ಅಡಿಲೇಡಿನ ಆಪ್ ಶಾಪ್‌ಗೆ ಕೊಡಲೆಂದು ಎಲ್ಲಕ್ಕೂ ಟೇಪ್ ಸುತ್ತಿ ಕಾರಿಗೆ ತುಂಬಿದೆ. ಬ್ರಿಸ್ಬೇನಿನಲ್ಲೇ ಉಳಿದು ಓದುತ್ತಿದ್ದ ಮೇಘನಾ ಸಹಾಯಕ್ಕೆ ಬಂದಿದ್ದಳು. "ಅಪ್ಪಾ, ಆರ್ ಯು ಶೂರ್?" ಎಂದು ದಾರಿಯುದ್ದಕ್ಕೂ ಕೇಳಿದಳು.

ಆಪ್ ಶಾಪ್‌ನಲ್ಲಿದ್ದ ಬಿಳಿ ಕೂದಲಿನ ಅಜ್ಜಿ ಬಹಳ ಶಿಸ್ತಿನವರು. ತೆಗೆದುಕೊಳ್ಳುವ ಮೊದಲು ನೋಡಲೇಬೇಕು ಎಂದು, ನಾನು ಸುತ್ತಿದ ಟೇಪನ್ನೆಲ್ಲ ಒಂದೊಂದಾಗಿ ಕತ್ತರಿಸಿದರು. ಚೆಸ್ ಕಾಯಿಗಳ ನಡುವೆ ಬಿರಡೆ, ಕಲ್ಲು, ಬೀಜ ಕಂಡು ಅವರ ಹುಬ್ಬು ಮೇಲೇರಿತು. ಅಕ್ಕಿಯಲ್ಲಿ ಕಲ್ಲು ಆರಿಸುವವರ ಹಾಗೆ ಒಂದೊಂದೇ ತೆಗೆದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ನನ್ನ ಕೈಗಿಟ್ಟರು. ಇವು ಆಟಕ್ಕೆ ಸೇರಿದವಲ್ಲ, ಲವ್, ನಿಮ್ಮ ಮನೆಯವೇ ಇರಬೇಕು ಎಂದು, ಇಲ್ಲಿಯ ಅಜ್ಜಿಯರು ಎಲ್ಲರನ್ನೂ ಕರೆಯುವ ಅಕ್ಕರೆಯಲ್ಲೇ, ಅವರ ಇಂಗ್ಲಿಷಿನಲ್ಲಿ ಹೇಳಿದರು.

ಕಾರಿನಲ್ಲಿ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡೆ. ಗಮ್‌ನಟ್‌ಗಳು, ಕಚ್ಚಿದ ಪೆನ್ನಿನ ಕ್ಯಾಪು, ನೀಲಿ ಹಸಿರು ಔಷಧಿ ಮುಚ್ಚಳಗಳು, ಎಲ್ಲದರ ತಳದಲ್ಲಿ ಟೂತ್‌ಪೇಸ್ಟಿನ ಕೆಂಪು ಮುಚ್ಚಳ. ಇಷ್ಟು ವರ್ಷ ನಾನು ಹೊತ್ತದ್ದು ಚೆಸ್ ಸೆಟ್ಟುಗಳನ್ನೆಂದು ತಿಳಿದಿದ್ದೆ. ಶೈಲಜಾ ಕೂಡಿಟ್ಟದ್ದು ಒಂದು ಅಂಗೈಯಲ್ಲಿ ಹಿಡಿಯುವಷ್ಟಿತ್ತು.

"ವಾಪಸ್ ಹೋಗಿ ಆ ಸೆಟ್ಸ್ ಇಸ್ಕೊಂಡ್ ಬರ್ಲಾ?" ಎಂದಳು ಮೇಘನಾ, ಅಪರೂಪಕ್ಕೆ ಕನ್ನಡದಲ್ಲಿ.

"ಬೇಡಮ್ಮ. ಅವರದ್ದು ಅವರು ಇಟ್ಕೊಳ್ಳಲಿ. ನಮ್ದು ನಮಗೆ ಕೊಟ್ಟಿದ್ದಾರೆ."

ಆ ಸಂಜೆ ಖಾಲಿ ಮನೆಯ ನೆಲದ ಮೇಲೆ ರಟ್ಟಿನ ಪೆಟ್ಟಿಗೆಯೊಂದನ್ನು ಬಿಚ್ಚಿ ಹಾಸಿ, ಮೇಘನಾ ಮಾರ್ಕರಿನಲ್ಲಿ ಚೆಸ್ಸಿನ ಮನೆಗಳನ್ನು ಗೀಚಿದಳು. ಚೀಲದಲ್ಲಿದ್ದದ್ದು ಎರಡು ಸೈನ್ಯಕ್ಕೆ ಸಾಲಲಿಲ್ಲ. ಅಡುಗೆಮನೆಯಲ್ಲಿ ಉಳಿದಿದ್ದ ರಾಜ್ಮಾ ಕಪ್ಪು ಸಿಪಾಯಿಗಳಾದವು, ಕಾಬೂಲಿ ಕಡಲೆ ಬಿಳಿ ಸಿಪಾಯಿಗಳಾದವು. ಹಲಗೆಯ ಮೇಲೆ ಅಂಗಡಿಯಲ್ಲಿ ತಂದ ಕಾಯಿ ಒಂದೂ ಇರಲಿಲ್ಲ. ಆದರೂ ಯಾವುದು ಆನೆ, ಯಾವುದು ಒಂಟೆ ಎಂದು ಇಬ್ಬರಿಗೂ ಗೊತ್ತಿತ್ತು. ಅವಳು ಕಿಟಕಿಗೆ ಬೆನ್ನು ಹಾಕಿ, ಶೈಲಜಾ ಕೂರುತ್ತಿದ್ದ ಕಡೆ ಕೂತಳು. ನಾನು ಅವಳನ್ನೇ ನೋಡುತ್ತಿದ್ದದ್ದು ಅವಳಿಗೆ ಗೊತ್ತಾಯಿತು.

"ಸೋ ನೌ ಐಯಾಮ್ ದ ಟೂತ್‌ಪೇಸ್ಟ್ ಲಿಡ್?" ಎಂದಳು.

ನಗು ಬಂತು. ಅದರ ಹಿಂದೆ ಬಂದದ್ದನ್ನು ತಡೆಯಲಾಗಲಿಲ್ಲ. ಅವಳು ಎದ್ದು ಬಂದು ಸ್ವಲ್ಪ ಹೊತ್ತು ನನ್ನ ಪಕ್ಕದಲ್ಲಿದ್ದು, ಮತ್ತೆ ತನ್ನ ಜಾಗಕ್ಕೆ ಹೋದಳು. ಮುಚ್ಚಳ ಒಂಟೆಯ ಹಾಗೆ ಕಾಣುವುದಿಲ್ಲ, ಕಾಣಲಿ ಎಂದು ಯಾರೂ ಕೇಳುವುದೂ ಇಲ್ಲ. ಹೋದ ಒಂಟೆಯನ್ನು ಮರೆಸುವುದಕ್ಕೂ ಅದನ್ನು ಅಲ್ಲಿಡುವುದಿಲ್ಲ. ಆಟ ನಿಲ್ಲಬಾರದಲ್ಲ, ಅದಕ್ಕೆ. ಅವತ್ತೂ ನಾನೇ ಸೋತೆ.

ಮೊನ್ನೆ ಪರ್ತ್‌ನ ಇನ್ನೊಂದು ತುದಿಯ ಮೋರ್ಲಿಗೆ ಹೋಗಿದ್ದಾಗ ಒಂದು ಆಪ್ ಶಾಪ್ ಕಂಡಿತು. ಒಳಗೆ ಟೇಪ್ ಸುತ್ತಿದ ಚೆಸ್ ಡಬ್ಬಿಯಿತ್ತು. ಆಚೀಚೆ ನೋಡಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ನನಗೆ ಅವಳ ಕಿವಿಯಿಲ್ಲ. ಆದರೂ ಏನೋ ಕಡಿಮೆಯಿದೆ ಅನ್ನಿಸಿತು, ಕೊಂಡುಕೊಂಡೆ. ಕಾರಿನ ಹತ್ತಿರ ಮರದ ಕೆಳಗೆ ಗಮ್‌ನಟ್‌ಗಳು ಬಿದ್ದಿದ್ದವು. ಒಂದನ್ನು ಆರಿಸಿ ಜೇಬಿಗೆ ಹಾಕಿಕೊಂಡು ಮೇಘನಾಗೆ ಫೋನ್ ಮಾಡಿ, ಒಂದು ಸೆಟ್ಟು ಕೊಂಡೆ ಎಂದೆ.

"ವಾಟ್ಸ್ ಮಿಸ್ಸಿಂಗ್?" ಎಂದಳು.

"ಇನ್ನೂ ಬಿಚ್ಚಿ ನೋಡಿಲ್ಲ."

"ವಾಟ್ ಇಫ್ ಎಲ್ಲಾ ಇದ್ರೆ?"

"ಇದ್ರೆ ವಾಪಸ್ ಕೊಟ್ಬಿಡೋಣ. ಬೇರೆ ಯಾರಾದ್ರೂ ತಗೋತಾರೆ," ಎಂದೆ.