ಕೂರುವವರ ಮನೆಗೆ ಓಡುವ ನಾಯಿ

ಸೋಫಣ್ಣ ಓಡಿದ್ದನ್ನು ಕಂಡವರು ಆ ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಕಾಲಿಗೆ ಬುದ್ಧಿ ಹೇಳುವ ಸಂದರ್ಭ ಅವನ ಬಾಳಿನಲ್ಲಿ ಬಂದೇ ಇರಲಿಲ್ಲವೆಂದಲ್ಲ, ಬಂದಾಗಲೆಲ್ಲ ಆ ಕಾಲು ಬುದ್ಧಿ ಕೇಳಿರಲಿಲ್ಲ. ಹಳೆಯ ಸೋಫಾಗಳ ಹೊಟ್ಟೆ ಬಿಚ್ಚಿ, ಸ್ಪ್ರಿಂಗು ಬದಲಿಸಿ, ಸ್ಪಂಜು ತುಂಬಿ, ಹೊಸ ಬಟ್ಟೆ ಹೊದಿಸಿ ಕೊಡುವುದು ಅವನ ಕಸುಬು. ಮುಂದಿನ ಕೋಣೆ ಅಂಗಡಿ, ಹಿಂದಿನವು ಮನೆ. ಕೆಲಸ ಮಾಡುವಾಗ ಕೈಯಲ್ಲಿ ಸುತ್ತಿಗೆ, ಬಾಯಲ್ಲಿ ನಾಲ್ಕು ಮೊಳೆ. ಮೊಳೆ ಮುಗಿಯುವ ತನಕ ತುಟಿ ಬಿಚ್ಚುವಂತಿಲ್ಲವಾದ್ದರಿಂದ, ಬಹಳ ಯೋಚಿಸಿ ಮಾತಾಡುವ ಮನುಷ್ಯ ಎಂದು ಜನ ನಂಬಿದ್ದರು. ಅದು ಶುದ್ಧ ಸುಳ್ಳು ಎಂಬುದು ನಾಯಿಯ ವಿಷಯದಲ್ಲಿ ಬಯಲಾಯಿತು.

ಮನೆಯವರೂ ಅವನಿಗೆ ತಕ್ಕವರೇ. ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ದಿಂಬಿನ ಕವರು ಹೊಲಿಯುವವಳು. ಮಗಳು ಆಸ್ಪತ್ರೆಯೊಂದರಲ್ಲಿ ಫೋನಿನ ಮುಂದೆ ಕೂತು "ಸ್ವಲ್ಪ ಲೈನಲ್ಲೇ ಇರಿ" ಎನ್ನುವವಳು. ಜೊತೆಗೆ ಹೆಂಡತಿಯ ತಾಯಿ, ಅಂದರೆ ಅತ್ತೆ. ಸಿನಿಮಾ ಟಾಕೀಸಿನ ಟಿಕೆಟ್ ಕಿಂಡಿಯ ಹಿಂದೆ ಕೂತು ಸರ್ವೀಸು ಮುಗಿಸಿ, ನಿವೃತ್ತರಾದ ಮೇಲೆ ಮನೆಯ ಕಿಟಕಿಯ ಹಿಂದೆ ಕೂತವರು. ಇವರೆಲ್ಲರನ್ನೂ ಸೋಫಣ್ಣ ಕಸುಬಿಗೆ ಹಚ್ಚಿದ್ದ. ನಾಲ್ವರೂ ಸಾಲಾಗಿ ಕೂತು ಪಾಸು ಮಾಡದೆ ಯಾವ ಸೋಫಾವೂ ಅವನ ಅಂಗಡಿ ಬಿಡುತ್ತಿರಲಿಲ್ಲ. ಎಡ ಮೂಲೆ ಅತ್ತೆಗೇ ಮೀಸಲು. ಅವರನ್ನು ತಡೆದುಕೊಂಡ ಸ್ಪ್ರಿಂಗು ಯಾರನ್ನಾದರೂ ತಡೆದುಕೊಳ್ಳುತ್ತದೆ ಎಂಬುದು ಅಳಿಯನ ಲೆಕ್ಕಾಚಾರ. ಎದುರಿಗೆ ಹೇಳುವ ಧೈರ್ಯ ಮಾತ್ರ ಅವನಿಗಿರಲಿಲ್ಲ. ಕೂತವರು ಕಣ್ಣು ಮುಚ್ಚಿ ಕಿವಿಗೊಡುತ್ತಿದ್ದರು. ಎಲ್ಲಿಯಾದರೂ ಕುಂಯ್ ಎಂದಿತೋ, ಬಿಚ್ಚಿ ಮತ್ತೆ ಮೊದಲಿನಿಂದ ಕೆಲಸ.

ಒಂದು ದಿನ ಸೋಫಣ್ಣ ಊರಿನ ಆಚೆ ತುದಿಗೆ, ಪೋಸ್ಟಕ್ಕನ ಮನೆಗೆ, ಒರಗು ಕುರ್ಚಿಯೊಂದನ್ನು ರಿಪೇರಿ ಮಾಡಲು ಹೋದ. ಸೈಕಲ್ಲಿನಲ್ಲಿ ಮನೆ ಮನೆಗೆ ಅಂಚೆ ಹಂಚುತ್ತಿದ್ದ ಹೆಂಗಸು ಅವಳು. ಬಿದ್ದು ಮೊಣಕಾಲು ಮುರಿದುಕೊಂಡ ಮೇಲೆ ಕೋಲು ಹಿಡಿದು, ಆಫೀಸಿನೊಳಗೆ ಕಾಗದ ಬೇರ್ಪಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಸೈಕಲ್ಲಿನ ಪಕ್ಕದಲ್ಲಿ ದಿನವಿಡೀ ಓಡುತ್ತಿದ್ದ ಅವಳ ನಾಯಿಗೆ ಈಗ ಓಟವಿಲ್ಲ. ಕಪ್ಪು ಬಿಳುಪಿನ, ಬಾರ್ಡರ್ ಕೋಲಿ ಎಂಬ ತಳಿಯದು. ಎಲ್ಲರ ಮೇಲೂ ಉಸ್ತುವಾರಿ ಮಾಡುತ್ತದೆಂದು ಅದನ್ನು ಮೇಸ್ತ್ರಿ ಎಂದು ಕರೆಯುತ್ತಿದ್ದಳು.

ಸೋಫಣ್ಣ ನೆಲದ ಮೇಲೆ ಕೂತು ಕುರ್ಚಿಯನ್ನು ಬೋರಲು ಹಾಕಿದ. ಮೇಸ್ತ್ರಿ ಬಂದು ಎದುರಿಗೆ ಮಲಗಿ, ರೆಪ್ಪೆ ಬಡಿಯದೆ ಅವನ ಮುಖವನ್ನೇ ನೋಡತೊಡಗಿತು. ಅವನು ಎಡಕ್ಕೆ ವಾಲಿದರೆ ಅದರ ಕಣ್ಣೂ ಎಡಕ್ಕೆ. ಇಷ್ಟು ವರ್ಷ ಜನ ನೋಡಿದ್ದು ಅವನ ಸೋಫಾಗಳನ್ನು. ಅವನನ್ನೇ ಯಾರೂ ಹೀಗೆ ನೋಡಿರಲಿಲ್ಲ. ಈ ನಾಯಿ ತನಗೆ ಬೇಕೇ ಬೇಕು ಅನ್ನಿಸಿಬಿಟ್ಟಿತು.

"ಇವನಿಗೊಂದು ಮನೆ ಹುಡುಕ್ತಾ ಇದ್ದೀನಿ," ಎಂದಳು ಪೋಸ್ಟಕ್ಕ. "ಆದ್ರೆ ಸುಮ್ನೆ ಕೂರೋರ ಮನೆಗೆ ಆಗೋ ನಾಯಿ ಅಲ್ಲ ಇದು. ನಿಮ್ಮನೇಲಿ ಹೇಗೆ?"

ಬಾಯಲ್ಲಿ ಮೊಳೆ ಇದ್ದಿದ್ದರೆ ಒಳ್ಳೆಯದಿತ್ತು. ಇರಲಿಲ್ಲ.

"ನಮ್ದು ಓಡೋ ಮನೆ ಅಕ್ಕ," ಎಂದುಬಿಟ್ಟ ಸೋಫಣ್ಣ. "ನಾವು ಕೂತಿದ್ದನ್ನ ಯಾರೂ ನೋಡೇ ಇಲ್ಲ."

"ಹಾಗಾದ್ರೆ ಭಾನುವಾರ ಇವನನ್ನ ಕರ್ಕೊಂಡು ಬರ್ತೀನಿ. ಹೊಂದುತ್ತೋ ಇಲ್ವೋ ಕಣ್ಣಾರೆ ನೋಡ್ಬೇಕು."

ಮನೆಗೆ ಬಂದು ವಿಷಯ ಹೇಳಿದಾಗ ಹೆಂಡತಿಯ ಯಂತ್ರ ತಟಕ್ಕನೆ ನಿಂತಿತು. "ರೀ, ನಾವು ಓಡೋದಾ? ಕಣ್ಮುಂದೆ ಬಸ್ಸು ಹೊರಟ್ರೂ 'ಹೋಗ್ಲಿ ಬಿಡು, ಇನ್ನೊಂದು ಬರುತ್ತೆ' ಅನ್ನೋ ವಂಶ ನಮ್ದು!"

ಮಗಳು ಆ ತಳಿಯ ಬಗ್ಗೆ ಓದಿಕೊಂಡು ಬಂದು ಇನ್ನಷ್ಟು ಹೆದರಿಸಿದಳು. "ಕುರಿ ಮಂದೆ ಕಾಯೋ ಜಾತಿ ಅಪ್ಪಾ. ಚದುರಿ ಹೋದವರನ್ನ ಒಂದು ಕಡೆ ಸೇರಿಸೋ ತನಕ ಅದಕ್ಕೆ ನೆಮ್ಮದಿ ಇಲ್ವಂತೆ. ಕೆಲ್ಸ ಇಲ್ದೆ ಕೂರಿಸಿದ್ರೆ ಅಂಗಡಿ ಸ್ಪಂಜನ್ನೆಲ್ಲ ಕಿತ್ತು ಗುಡ್ಡೆ ಹಾಕುತ್ತೆ. ಪಾಪ, ಅದಕ್ಕೂ ಕಷ್ಟ, ನಮಗೂ ಕಷ್ಟ."

ಸೋಫಣ್ಣ ಇಂಗು ತಿಂದ ಮಂಗನಂತೆ ಮುಖ ಮಾಡಿಕೊಂಡು ನಿಂತ. ಕಿಟಕಿಯ ಬಳಿಯಿಂದ ಅತ್ತೆ ಬಾಯಿ ಬಿಟ್ಟರು.

"ಅಳಿಯಂದಿರು ಇಷ್ಟು ವರ್ಷದಲ್ಲಿ ಇಂಥದ್ದು ಬೇಕು ಅಂತ ಬಾಯಿ ಬಿಟ್ಟು ಕೇಳಿದ್ದಿದ್ಯಾ? ಒಂದು ದಿನ ತಾನೇ. ಓಡೋಣ."

ಭಾನುವಾರ ಬೆಳಿಗ್ಗೆ ಮನೆಯ ಕುರ್ಚಿಗಳನ್ನೆಲ್ಲ ಹಿತ್ತಲಿಗೆ ದಬ್ಬಿದರು. ಆಗಷ್ಟೇ ಕೆಲಸ ಮುಗಿದು, ಇನ್ನೂ ಪಾಸಾಗದ ಗಿರಾಕಿಯ ಸೋಫಾವೊಂದು ಮಾತ್ರ ಅಂಗಡಿಯಲ್ಲಿ ಉಳಿಯಿತು. ಹಿತ್ತಲ ಬಾಗಿಲಿನಲ್ಲಿ ಹಿಡಿಸದಷ್ಟು ಉದ್ದವಿದ್ದುದರಿಂದ ಅದಕ್ಕೊಂದು ಚಾದರ ಮುಚ್ಚಿದರು. ನಾಲ್ವರೂ ಕ್ಯಾನ್ವಾಸ್ ಶೂ ಹಾಕಿಕೊಂಡರು. ಅತ್ತೆ ಎಲ್ಲಿಂದಲೋ ಸ್ಕಿಪ್ಪಿಂಗ್ ಹಗ್ಗ ತರಿಸಿ, ಅದನ್ನು ಏನು ಮಾಡುವುದೆಂದು ತಿಳಿಯದೆ ಹೂಮಾಲೆಯಂತೆ ಕೊರಳಿಗೆ ಹಾಕಿಕೊಂಡರು.

ಪೋಸ್ಟಕ್ಕ ಕೋಲೂರಿಕೊಂಡು ಒಳಗೆ ಬಂದು ಮೇಸ್ತ್ರಿಯ ಹಗ್ಗ ಬಿಚ್ಚಿದಳು. ಅಷ್ಟೇ, ಮನೆಯೊಳಗೆ ಗಲಭೆ ಶುರುವಾಯಿತು. ಹೆಂಡತಿ ಅಡುಗೆಮನೆಯಲ್ಲಿ ಬಸ್ಕಿ ಹೊಡೆಯುತ್ತಿದ್ದಳು, ಮಗಳು ಹಿತ್ತಲಲ್ಲಿ ಕೈ ಬೀಸುತ್ತಿದ್ದಳು, ಅತ್ತೆ ನಡುಮನೆಯಲ್ಲಿ ಗೋಡೆ ಹಿಡಿದುಕೊಂಡು ಒಂದು ಕಾಲು ಎತ್ತಿದ್ದರು. ಸೋಫಣ್ಣ ಅಂಗಡಿಯಲ್ಲಿ ನಿಂತಲ್ಲೇ ಓಡುತ್ತಿದ್ದ. ಮಂದೆ ಹೀಗೆ ದಿಕ್ಕಾಪಾಲಾದರೆ ಮೇಸ್ತ್ರಿ ಸುಮ್ಮನಿರುವುದುಂಟೇ? ಹೆಂಡತಿಯ ಹಿಮ್ಮಡಿಗೆ ಮೂತಿ ತಿವಿದು ಅಡುಗೆಮನೆಯಿಂದ ಹೊರಡಿಸಿತು. ಅವಳನ್ನು ನಡುಮನೆಗೆ ತರುವಷ್ಟರಲ್ಲಿ ಅತ್ತೆ ಇನ್ನೊಂದು ಗೋಡೆಗೆ ಹೋಗಿದ್ದರು. ಅತ್ತೆಯನ್ನು ತಂದರೆ ಮಗಳಿಲ್ಲ. ಮಗಳನ್ನು ತಂದರೆ ಹೆಂಡತಿ ಮತ್ತೆ ಬಸ್ಕಿಗೆ ಹೋಗಿದ್ದಳು. ನಾಯಿ ನಾಲಿಗೆ ಜೋಲು ಬಿಟ್ಟು, ಕುಂಯ್‌ಗುಡುತ್ತ, ಸುತ್ತಿದ್ದೇ ಸುತ್ತಿದ್ದು.

"ದಿನಾ... ಹೀಗೇ... ಅಕ್ಕ," ಎಂದು ಸೋಫಣ್ಣ ಹಲ್ಲು ಕಿರಿದ. ಅವನ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು.

ಪೋಸ್ಟಕ್ಕನ ಮುಖ ಬಾಡಿತು. "ಅಯ್ಯೋ, ಇವನಿಗೆ ಒಂದು ನಿಮಿಷ ನೆಮ್ಮದಿ ಇಲ್ವಲ್ಲ," ಎಂದಳು. ಮೊಣಕಾಲು ಬೇರೆ ನೋಯುತ್ತಿತ್ತು. ಹಿಂದೆ ಮುಂದೆ ನೋಡದೆ ಚಾದರದ ಮೇಲೆ ಕೂತುಬಿಟ್ಟಳು.

ಕುಂಯ್.

ಈ ಸಲ ನಾಯಿಯಲ್ಲ, ಸೋಫಾ. ಅಡುಗೆಮನೆಯಲ್ಲಿ ಬಸ್ಕಿ ಅರ್ಧಕ್ಕೆ ನಿಂತಿತು. ಅತ್ತೆ ಕಾಲು ಕೆಳಗಿಟ್ಟರು. ಮಗಳು ಹಿತ್ತಲಿನಿಂದ ಬಂದಳು. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡದೆ ನೆಟ್ಟಗೆ ಸೋಫಾದ ಬಳಿಗೆ ನಡೆದರು.

"ಸ್ವಲ್ಪ ಸರ್ಕೊಳಮ್ಮ, ಅದು ನನ್ನ ಜಾಗ," ಎಂದು ಅತ್ತೆ ಪೋಸ್ಟಕ್ಕನನ್ನು ಪಕ್ಕಕ್ಕೆ ಸರಿಸಿ ಎಡ ಮೂಲೆಯಲ್ಲಿ ಕೂತರು. ಉಳಿದವರು ಅತ್ತಿತ್ತ ಒತ್ತಿಕೊಂಡು ತಮ್ಮ ತಮ್ಮ ಜಾಗ ಹಿಡಿದರು. ಎಲ್ಲರೂ ಕಣ್ಣು ಮುಚ್ಚಿದರು.

"ಎಡದಿಂದ ಎರಡನೇ ಸ್ಪ್ರಿಂಗು," ಎಂದ ಸೋಫಣ್ಣ.

"ಅಲ್ಲ ರೀ, ಮೂರನೇದು. ಎರಡನೇದು ನಿಟ್ಟುಸಿರು ಬಿಡುತ್ತೆ, ಕುಂಯ್ ಅನ್ನಲ್ಲ," ಎಂದಳು ಹೆಂಡತಿ.

"ಮೂರನೇದೇ. ನನ್ನ ಸೊಂಟಕ್ಕೆ ಗೊತ್ತಾಗುತ್ತೆ," ಎಂದರು ಅತ್ತೆ.

ಸೋಫಣ್ಣ ಕಣ್ಣು ತೆರೆದ. ಪಕ್ಕದಲ್ಲಿ ಪೋಸ್ಟಕ್ಕ ಅವನನ್ನೇ ನೋಡುತ್ತಿದ್ದಳು. ಆಗಲೇ ಅವನಿಗೆ ಹೊಳೆದದ್ದು. ಕೂತಿದ್ದೇವೆ! ಅದೂ ಹುಟ್ಟಿದಾಗಿನಿಂದ ಕೂತವರ ಹಾಗೆ ಕೂತಿದ್ದೇವೆ!

"ಸುಳ್ಳು ಹೇಳ್ದೆ ಅಕ್ಕ," ಎಂದ ತಲೆ ತಗ್ಗಿಸಿ. "ನಮ್ದು ಕೂರೋ ಮನೆ. ಓಡೋಕೆ ಯಾರಿಗೂ ಬರಲ್ಲ. ನಿಮ್ಮ ನಾಯಿ ನನ್ನ ಮುಖ ನೋಡ್ತಲ್ಲ, ಆಸೆ ಆಗ್ಬಿಡ್ತು. ಕರ್ಕೊಂಡು ಹೋಗಿ." ನಾಯಿಯ ಹಗ್ಗ ಹುಡುಕಲು ಏಳಹೊರಟ.

"ಏಳ್ಬೇಡಿ," ಎಂದು ಪೋಸ್ಟಕ್ಕ ಅವನ ತೋಳು ಹಿಡಿದಳು. "ಕೆಳಗೆ ನೋಡಿ."

ಮೇಸ್ತ್ರಿ ಸೋಫಾದ ಮುಂದೆ ಈ ತುದಿಯಿಂದ ಆ ತುದಿಗೆ ಒಮ್ಮೆ ನಡೆದು, ಒಬ್ಬೊಬ್ಬರ ಮೊಣಕಾಲನ್ನೂ ಮೂಸಿ ನೋಡಿತು. ಎಲ್ಲರೂ ಇದ್ದರು. ಸೋಫಣ್ಣನ ಶೂ ಮೇಲೆ ಗದ್ದ ಊರಿ ಉಸ್ಸೆಂದು ಮಲಗಿ, ಕಣ್ಣು ಮುಚ್ಚಿತು.

"ನಾನು ಬಿದ್ದಾಗಿನಿಂದ ಇವನು ಹೀಗೆ ಮಲಗಿದ್ದೇ ಇಲ್ಲ," ಎಂದಳು ಪೋಸ್ಟಕ್ಕ.

"ಎಲ್ಲಾ ಒಂದು ಕಡೆ ಸೇರಿದ್ವಲ್ಲ," ಎಂದಳು ಮಗಳು. "ಅವನ ಕೆಲ್ಸ ಮುಗೀತು."

"ಆದ್ರೂ ದಿನಾ ಎರಡು ಹೊತ್ತು ಹೊರಗೆ ಕರ್ಕೊಂಡು ಹೋಗ್ಲೇಬೇಕು. ಅದಕ್ಕೆ ಮಾತ್ರ ಮಾಫಿ ಇಲ್ಲ," ಎಂದಳು ಪೋಸ್ಟಕ್ಕ.

ಸೋಫಣ್ಣ ಶೂ ಮೇಲಿನ ಗದ್ದವನ್ನು ನೋಡಿದ. ಈ ಸಲ ನಿಜವಾಗಿಯೂ ಯೋಚಿಸಿದ. "ಓಡ್ತೀನಿ ಅಂತ ಹೇಳಲ್ಲ ಅಕ್ಕ. ನಡೀತೀನಿ."

ಪೋಸ್ಟಕ್ಕ ಕಣ್ಣೊರೆಸಿಕೊಂಡು ಹೊರಡಲು ಎದ್ದಳು. ಮೇಸ್ತ್ರಿ ಕೂಡಲೇ ಎದ್ದು ಬಾಗಿಲಿಗೆ ಅಡ್ಡ ನಿಂತಿತು. ಅವಳ ನೋಯದ ಕಾಲನ್ನು ಮೂತಿಯಿಂದ ಮೆಲ್ಲಗೆ ದಬ್ಬುತ್ತ ಸೋಫಾದವರೆಗೂ ತಂದಿತು. ಮತ್ತೆ ಎದ್ದಳು, ಮತ್ತೆ ತಂದಿತು. ಜಪ್ಪಯ್ಯ ಅಂದರೂ ಬಿಡಲಿಲ್ಲ.

"ಕೂತ್ಕೊಳಮ್ಮ," ಎಂದು ಅತ್ತೆ ಸರಿದು ಜಾಗ ಬಿಟ್ಟರು. ಯಾರಿಗೂ ಬಿಡದ ಎಡ ಮೂಲೆಯ ಪಕ್ಕ ಅದು. "ಮೇಸ್ತ್ರಿ ನಿನ್ನನ್ನೂ ಲೆಕ್ಕಕ್ಕೆ ಹಿಡಿದಿದ್ದಾನೆ."

ಗಿರಾಕಿಯ ಸೋಫಾ ಮೂರನೆಯ ಸ್ಪ್ರಿಂಗು ಬದಲಿಸಿಕೊಂಡು ಹೋಯಿತು. ಜೀವಮಾನವಿಡೀ ಬೇರೆಯವರ ಸೋಫಾದಲ್ಲಿ ಕೂತ ಸೋಫಣ್ಣ ಮೊದಲ ಸಲ ತನ್ನ ಮನೆಗೊಂದು ಮಾಡಿದ, ಐದು ಜನರದ್ದು. ಬೆಳಿಗ್ಗೆ ಅವನು ನಾಯಿಯ ಹಿಂದೆ ನಡೆಯುವುದನ್ನು ನೋಡಲು ಜನ ಬಾಗಿಲಿಗೆ ಬರುತ್ತಿದ್ದರು. ಸಂಜೆ ಆಫೀಸು ಮುಗಿಸಿ ಪೋಸ್ಟಕ್ಕ ಬರುತ್ತಿದ್ದಳು. ಅವಳು ಬಂದು ಕೂತ ಮೇಲೆಯೇ ಮೇಸ್ತ್ರಿ ಮಲಗುತ್ತಿದ್ದುದು.

ಒಂದು ಸಂಜೆ ಅವಳು ಬರಲಿಲ್ಲ. ನಾಲ್ವರು ಸೋಫಾದ ಮೇಲೆ, ನಾಯಿ ಬಾಗಿಲಲ್ಲಿ. ಅತ್ತೆಯ ಪಕ್ಕದ ಜಾಗ ಖಾಲಿ. ಸೋಫಣ್ಣನಿಗೆ ಕೂರಲಾಗಲಿಲ್ಲ. ಮತ್ತೆಲ್ಲಾದರೂ ಬಿದ್ದಳೇನೋ ಎಂದು ಭಯವಾಯಿತು. ಶೂ ಹಾಕಿದ, ಬಾಗಿಲು ತೆರೆದ. ಮೇಸ್ತ್ರಿ ಓಡಿತು. ಹಿಂದೆಯೇ ಸೋಫಣ್ಣನೂ ಓಡಿದ. ಬೀದಿಯ ಜನ ಕಣ್ಣು ಕಣ್ಣು ಬಿಟ್ಟರು. ಬೆಂಕಿ ಬಿತ್ತೋ ಏನೋ ಎಂದು ಒಬ್ಬಾತ ಬಕೆಟ್ಟು ಹಿಡಿದು ಹೊರಗೆ ಬಂದ.

ಪೋಸ್ಟಕ್ಕ ಆಫೀಸಿನ ಮೇಜಿನಲ್ಲಿ ತಡವಾಗಿ ಬಂದ ಪಾರ್ಸೆಲ್ಲುಗಳ ರಾಶಿಯ ಮಧ್ಯೆ ಕ್ಷೇಮವಾಗಿ ಕೂತಿದ್ದಳು. "ಅಯ್ಯೋ, ಏನಾಯ್ತು ಸೋಫಣ್ಣ?"

"ಅತ್ತೆ... ಪಕ್ಕ..." ಎಂದ ಸೋಫಣ್ಣ ಬಾಗಿಲ ಚೌಕಟ್ಟು ಹಿಡಿದು. ಉಸಿರು ಸಿಗಲಿಲ್ಲ. "ಖಾಲಿ..."

ಅವಳು ಕೋಲು ತೆಗೆದುಕೊಂಡು ಎದ್ದಳು. ಮೇಸ್ತ್ರಿ ಕುಂಟುವವಳನ್ನೂ ಏದುಸಿರು ಬಿಡುವವನನ್ನೂ ಮುಂದೆ ಬಿಟ್ಟುಕೊಂಡು, ಮೆಲ್ಲಗೆ, ಮನೆಗೆ ಹೊಡೆದುಕೊಂಡು ಬಂದಿತು.