ಕಾರ್ಡಿನಲ್ ಕಾಲರಿನ ಮೈಕು

ನಂಬಬೇಡಿ, ನೋಡೋಣ. ನನ್ನ ಸುಳ್ಳುಗಳನ್ನು ನಂಬದವರು ನಮ್ಮೂರು ದೊಡ್ಡನೆಕ್ಕುಂದಿಯಲ್ಲೇ ಇಲ್ಲ. ಈ ನಿಜವನ್ನು ಮಾತ್ರ ಯಾರೂ ನಂಬಿಲ್ಲ.

ಎರಡು ಸಾವಿರದ ಹತ್ತರ ಆಸುಪಾಸು. ನನ್ನದು ಮೈಕ್‌ಸೆಟ್ ಅಂಗಡಿ. ಪಕ್ಕದೂರು ಹೂಡಿಯ ಹಳೆಯ ಚರ್ಚೊಂದು ರಸ್ತೆ ಅಗಲೀಕರಣಕ್ಕೆ ಹೋಗುವುದಿತ್ತು. ಕಡೆಯ ಪೂಜೆಗೆ ಕಾರ್ಡಿನಲ್ ಬರುತ್ತಾರೆಂದು ನನ್ನನ್ನು ಕರೆಸಿದರು. ಕಾರ್ಡಿನಲ್ ಎಂದರೆ ಹೊಸ ಪೋಪನ್ನು ಆರಿಸುವವರಲ್ಲಿ ಒಬ್ಬರು. ಇವರು ಪಾದ್ರಿಯಾಗಿ ಮೊದಲು ಬಂದದ್ದೇ ಈ ಚರ್ಚಿಗೆ. ಆಮೇಲೆ ಬಿಷಪ್, ಆರ್ಚ್‌ಬಿಷಪ್, ರೋಮ್, ಕೆಂಪು ಟೋಪಿ.

ಅವರ ಕಾಲರಿಗೆ ನಾನು ಮೈಕ್ ಸಿಕ್ಕಿಸುತ್ತಿದ್ದಾಗ ಚರ್ಚು ಗುಡಿಸುವ ತೆರೇಸಮ್ಮ ಅಡ್ಡ ಬಂದಳು. ಅವಳಣ್ಣ ಆಂತೋಣಿ ಹರೆಯದಲ್ಲೇ ಕಲ್ಲುಕ್ವಾರಿಯ ಹೊಂಡದಲ್ಲಿ ಮುಳುಗಿದ್ದ. ಬೇಕೆಂತಲೇ ಬಿದ್ದ ಎಂದಿತು ಊರು. ತಾನಾಗಿ ಸತ್ತವರಿಗೆ ಒಳಗೆ ಜಾಗವಿಲ್ಲ ಎಂಬ ಅಂದಿನ ಕಟ್ಟಳೆಯಂತೆ, ಆಗ ಪಾದ್ರಿಯಾಗಿದ್ದ ಇವರೇ ಅವನನ್ನು ಚರ್ಚಿನ ಸ್ಮಶಾನದ ಗೋಡೆಯಾಚೆ ಮಣ್ಣು ಮಾಡಿಸಿದ್ದರು. ಈಗ ಗೋಡೆಯೊಳಗಿನ ಸಮಾಧಿಗಳಷ್ಟೇ ಹೊಸ ಜಾಗಕ್ಕೆ ಹೋಗುತ್ತವೆ ಎಂದಿದ್ದರು ಚರ್ಚಿನ ಹಿರಿಯರು. ಆಂತೋಣಿಯ ಮೇಲೆ ಟಾರು ಬೀಳುವುದಿತ್ತು.

"ನಮ್ಮಣ್ಣ ಜಾರಿ ಬಿದ್ದಿದ್ದು ಸ್ವಾಮಿ. ಅವನ್ನೂ ಒಳಗೆ ಕರ್ಕೊಳ್ಳಿ."

"ಸ್ವಲ್ಪ ಹೊತ್ತು ಕೊಡಮ್ಮ," ಎಂದವರೇ ಪಾಪನಿವೇದನೆಯ ಹಳೆಯ ಮರದ ಗೂಡಿನೊಳಗೆ ಹೋಗಿ ಕೂತರು. ಪಾದ್ರಿ ಒಂದು ಕಡೆ, ಪಾಪ ಹೇಳಿಕೊಳ್ಳುವವನು ಇನ್ನೊಂದು ಕಡೆ, ನಡುವೆ ಜಾಲರಿ. ಆಚೆ ಕಡೆ ಖಾಲಿ.

ಮೈಕ್ ಆಫ್ ಮಾಡುವುದು ಮರೆತಿದ್ದರು. ನಾನು ಸ್ಪೀಕರಿನ ದನಿ ಮುಚ್ಚಿದೆ. ಮುಚ್ಚಿದರೂ ನನ್ನ ಹೆಡ್‌ಫೋನಿಗೆ ದನಿ ಬರುತ್ತದೆ. ಮೊದಲು ಅವರ ಉಸಿರು. ಆಮೇಲೆ ನೀರು ತೊಟ್ಟಿಕ್ಕುವ ಸದ್ದು. ಆಮೇಲೆ ಮೆಲ್ಲಗೆ, ಹರೆಯದ ದನಿ: "ಫಾದರ್..."

ಇಷ್ಟು ದೊಡ್ಡವರಾದ ಮೇಲೆ ಅವರನ್ನು ಬರಿಯ ಫಾದರ್ ಎಂದು ಕರೆಯುವವರು ಯಾರೂ ಉಳಿದಿರಲಿಲ್ಲ.

"ಹೇಳಪ್ಪಾ," ಎಂದರು ಕಾರ್ಡಿನಲ್.

ನಾನು ಹೆಡ್‌ಫೋನ್ ಕಿತ್ತೆಸೆದೆ. ಮೈಕಿನಲ್ಲಿ ದೆವ್ವದ ದನಿ ಮಾಡಿ ಮಂತ್ರಿಯೊಬ್ಬರನ್ನು ವೇದಿಕೆಯಿಂದಲೇ ಇಳಿಸಿದವನು ನಾನು. ಅವತ್ತು ಆ ಹೆಡ್‌ಫೋನನ್ನು ಮತ್ತೆ ಮುಟ್ಟಲಿಲ್ಲ.

ಹೊರಬಂದ ಅವರ ಮುಖ ಸುಣ್ಣದಂತಿತ್ತು. "ಆಂತೋಣೀನ ಮೊದಲು ಸಾಗಿಸಿ," ಎಂದರು.

"ಏನು ಆಧಾರ ಸ್ವಾಮಿ?" ಎಂದರು ಹಿರಿಯರೊಬ್ಬರು.

"ಒಳಗೆ ಕೇಳಿದ್ದನ್ನ ಹೊರಗೆ ಹೇಳೋ ಹಂಗಿಲ್ಲ. ಗೊತ್ತಲ್ಲ?"

ಪಾಪನಿವೇದನೆಯ ಮಾತು ಪಾದ್ರಿಯ ಜೊತೆಗೇ ಮಣ್ಣಾಗಬೇಕು. ಹಿರಿಯರು ತಲೆ ತಗ್ಗಿಸಿದರು. ತೆರೇಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದಳು. "ಇದೂ ನಿನ್ ಆಟಾನಾ ಅಣ್ಣಾ?"

"ನನ್ನಾಣೆ ಇಲ್ಲ ಕಣಮ್ಮ."

ಗೂಡಿನ ಆಚೆ ಬದಿಯಲ್ಲಿ ಮೊಣಕಾಲೂರುವ ಹಲಗೆ ತೊಯ್ದಿತ್ತು. ಹೊರಗೆ ಏಪ್ರಿಲ್ ಬಿಸಿಲು. ಮೈಕ್ ವಾಪಸು ಕೊಡುತ್ತಾ ಕಾರ್ಡಿನಲ್, "ನಿಮ್ಮಂಥ ಸೌಂಡಿನವರು ರೋಮಿನಲ್ಲೂ ಇಲ್ಲ," ಎಂದರು.

ದನಿ ಜೋರು ಮಾಡುವುದನ್ನು ಯಾರು ಬೇಕಾದರೂ ಕಲಿಯಬಹುದು. ಯಾವಾಗ ಮುಚ್ಚಬೇಕೆಂದು ಗೊತ್ತಿರುವವನೇ ಮೈಕಿನವನು. ಕೆಲಸ ನನಗೆ ಕಲಿಸಿದ್ದು ಇಷ್ಟೇ.

ಇದರಲ್ಲಿ ಸುಳ್ಳು ಒಂದೇ: ರೋಮಿನ ಹೊಗಳಿಕೆ. ಅವರು ಹಾಗನ್ನಲಿಲ್ಲ. ಮೈಕನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದು, ನನ್ನ ಕಿವಿಯ ಹತ್ತಿರ ಬಂದು, "ನಿಮಗೂ ಕೇಳಿಸ್ತಾ?" ಎಂದರು.

ಹೂಂ ಎಂದೆ.