ಯಾಕು ಪಾತಾದಲ್ಲಿ ಇಳಿದವಳು

ಎದೆಲ್ಮಿರಾ ಕೊಕಿಂಚೆ ಎಂಬವಳು ಸಾಂತಾ ಕ್ಲೋತಿಲ್ದೆ ಊರಿನ ದೋಣಿಕಟ್ಟೆಯಲ್ಲಿ ಮಸಾತೊ ಮಾರಿ ಬದುಕುತ್ತಿದ್ದಳು. ಮರಗೆಣಸನ್ನು ಹುಳಿಬರಿಸಿ ಅವಳು ಮಾಡುತ್ತಿದ್ದ ಆ ಪಾನಕ್ಕೆ ಗಿರಾಕಿಗಳು ಬಹಳ. ಯಾರಾದರೂ ಚೌಕಾಸಿ ಮಾಡಿದರೆ, "ನದಿ ನೀರು ಪುಕ್ಕಟೆ ಅದೆ, ಹೋಗಿ ಅದನ್ನೇ ಕುಡೀರಿ" ಅನ್ನುತ್ತಿದ್ದಳು. ನಾನು ನಾಪೋ ನದಿಯ ಸರಕಿನ ಲಾಂಚೊಂದರಲ್ಲಿ ಅಡುಗೆಯವಳು. ಕಟ್ಟೆ ಮುಟ್ಟಿದಾಗಲೆಲ್ಲ ಅವಳ ಪಕ್ಕ ಹೋಗಿ ಕೂರುತ್ತಿದ್ದೆ.

ಅವಳಿಗಿದ್ದದ್ದು ಒಬ್ಬಳೇ ಅಕ್ಕ, ಸೊರಾಯ್ದಾ. ಮದುವೆಯಾಗಿ ಗಡಿಯಾಚೆ, ಈಕ್ವೆಡಾರಿನ ರೋಕಾಫುಯೆರ್ತೆಗೆ ಹೋಗಿದ್ದಳು. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ನೀರು ಇಳಿದ ಕಾಲದಲ್ಲೊಮ್ಮೆ, ಅವಳು ಹೊಟ್ಟೆ ಊದಿಕೊಂಡು ಹಾಸಿಗೆ ಹಿಡಿದಿದ್ದಾಳೆ ಎಂದು ಸುದ್ದಿ ಬಂತು. ವೇಗದ ದೋಣಿ ಹತ್ತುವಷ್ಟು ದುಡ್ಡು ಎದೆಲ್ಮಿರಾಳ ಕೈಯಲ್ಲಿರಲಿಲ್ಲ. ನಮ್ಮ ಲಾಂಚಿಗೆ ಬಂದಳು. ಟಿಕೆಟಿನ ಬದಲು ನನಗೆ ಬಾಳೆಕಾಯಿ ಸುಲಿದುಕೊಡುವುದೆಂದು ಮಾತಾಯಿತು. ಜಾಗ ಉಳಿದಿದ್ದದ್ದು ಹಂದಿಗಳನ್ನು ಕಟ್ಟಿದ ಕಡೆ. ಅವುಗಳ ಮೇಲ್ಗಡೆಯೇ, ಎಲ್ಲರಂತೆ, ಮಲಗಲು ತನ್ನ ಜೋಲಿ ಕಟ್ಟಿಕೊಂಡಳು.

"ನಾತ ಹೊಡೆಯಲ್ವೇನೇ?" ಎಂದೆ.

"ಅವೂ ನನ್ನ ನೋಡಿ ಅದನ್ನೇ ಕೇಳ್ತಾ ಅವೆ."

ದಾರಿಯುದ್ದಕ್ಕೂ ಲಾಂಚು ಮರಳಿಗೆ ಸಿಕ್ಕಿಕೊಳ್ಳುತ್ತಿತ್ತು. ಪ್ರತಿಸಲವೂ ಅವಳು ಗಂಡಸರ ಜೊತೆ ಎದೆಮಟ್ಟದ ನೀರಿಗಿಳಿದು ತಳ್ಳಿದಳು. ನಮ್ಮ ಕಡೆಯ ಕೊನೆಯ ಕಟ್ಟೆ ಪಾಂತೋಹಾ. ಅಲ್ಲಿಂದ ಉಪ್ಪಿನ ವ್ಯಾಪಾರಿಯೊಬ್ಬ ತನ್ನ ಸೋರುವ ದೋಣಿಯಲ್ಲಿ ಅವಳನ್ನು ಗಡಿ ದಾಟಿಸಿದ. ಆಚೆ ದಡ ಸೇರುವವರೆಗೆ ನೀರು ಎತ್ತಿ ಹಾಕುವ ಕೆಲಸ ಅವಳದು.

ನಾವು ಪಾಂತೋಹಾದಲ್ಲೇ ಸರಕಿಗೆ ಕಾಯುತ್ತಿದ್ದಾಗ ಅದೇ ದೋಣಿ ವಾಪಸು ಬಂತು. ತಾಳೆಗರಿಯ ಮರೆಯಲ್ಲಿ ಸೊರಾಯ್ದಾ ಮಲಗಿದ್ದಳು, ಅರಿಶಿನ ಬಳಿದಂಥ ಮುಖ. ಗಡಿ ಕಾವಲಿನ ಸಿಪಾಯಿ ಗರಿ ಎತ್ತಿ ನೋಡಿದ, ಮೆಲ್ಲಗೆ ಇಳಿಬಿಟ್ಟು, "ಹೋಗಿ" ಎಂದ.

"ಡಾಕ್ಟರು ಕೈಚೆಲ್ಲಿದ್ರು," ಎಂದಳು ಎದೆಲ್ಮಿರಾ. "ಊರಲ್ಲಿ ಅವ್ವನ ಪಕ್ಕದಲ್ಲಿ ಮಣ್ಣು ಮಾಡು ಅಂತಾಳೆ. ಹೂಂ ಅಂದುಬಿಟ್ಟೆ."

ಇಬ್ಬರನ್ನೂ ನಮ್ಮ ಲಾಂಚಿಗೆ ಹತ್ತಿಸಿಕೊಂಡು ಹೊರಟೆವು. ಆದರೆ ಊರು ಇನ್ನೂ ದೂರವಿದ್ದಾಗಲೇ, ತಂಗಿ ತಲೆ ಬಾಚುತ್ತಿದ್ದಂತೆ, ಸೊರಾಯ್ದಾ ಉಸಿರು ಬಿಟ್ಟಳು. ಸ್ವಲ್ಪ ಹೊತ್ತಿಗೆ ಜೋಲಿಗಳಲ್ಲಿ ಗುಸುಗುಸು ಎದ್ದಿತು. ಜನ ತಮ್ಮ ಮಕ್ಕಳನ್ನು ಲಾಂಚಿನ ಮುಂದಕ್ಕೆ ಒಯ್ದರು. ಕ್ಯಾಪ್ಟನ್ ಹೆರಾಕ್ಲಿಯೋ ಬಂದು ಟೋಪಿ ತೆಗೆದ.

"ಈ ಬಿಸಿಲಲ್ಲಿ ಊರ ತನಕ ಆಗಲ್ಲಮ್ಮ. ಜನ ಸುಮ್ಮನಿರಲ್ಲ."

"ಹಂದಿ ತಗೊಂಡು ಹೋಗ್ತೀಯಲ್ಲ."

"ಅವು ಬದುಕಿವೆ."

ಎದೆಲ್ಮಿರಾ ಬಾಚಣಿಗೆಯಿಂದ ಅಕ್ಕನ ಕೂದಲು ಬಿಡಿಸಿಕೊಂಡು ತನ್ನ ಚೀಲಕ್ಕೆ ಹಾಕಿದಳು.

ಯಾಕು ಪಾತಾ ಎಂಬಲ್ಲಿ ಲಾಂಚು ನಿಂತಿತು. ಬೆರಳೆಣಿಕೆಯ ಮನೆಗಳು. ಅಲ್ಲಿ ಅವಳಿಗೆ ಯಾರ ಪರಿಚಯವೂ ಇರಲಿಲ್ಲ. ಹೆಣದ ಪೆಟ್ಟಿಗೆಗೆ ಹಲಗೆಯನ್ನೂ ಕೊಳ್ಳಲಾರಳು. ಮೆಲಿತೋನ್ ಎಂಬ ಮುದುಕ ವಿಷಯ ಕೇಳಿ, ದಡದಲ್ಲಿದ್ದ ತನ್ನ ದೋಣಿಯನ್ನು ಎಳೆದು ತಂದು ಗರಗಸ ಹಿಡಿದ. ಅರ್ಧ ಕೆಳಗೆ, ಅರ್ಧ ಮುಚ್ಚಳ.

"ಮೀನಿಗೆ ಹೇಗೆ ಹೋಗ್ತೀಯ ತಾತ?" ಎಂದು ಎದೆಲ್ಮಿರಾ ಕೇಳಿದಳು.

"ದಡದಲ್ಲೇ ಕೂತು ಹಿಡೀತೀನಿ ಬಿಡವ್ವ. ಆ ತುದಿ ಹಿಡ್ಕೋ."

ಗುಂಡಿ ಮುಚ್ಚುತ್ತಿರುವಾಗ ಲಾಂಚಿನ ಶಿಳ್ಳೆ ಕೇಳಿತು. ನಾನು ಅವಳ ತೋಳು ಹಿಡಿದೆ.

"ನೀನು ಹೋಗು," ಎಂದಳು. "ಗುರುತಿಲ್ಲದ ಕಡೆ ಇವಳೊಬ್ಬಳನ್ನೇ ಹೇಗೆ ಬಿಡ್ಲಿ? ನಾಲ್ಕು ದಿನ ಇದ್ದು ಬರ್ತೀನಿ."

ಬರಲಿಲ್ಲ. ಮೆಲಿತೋನನಿಗೆ ಬೇಯಿಸಿ ಹಾಕುತ್ತ, ಅವನ ಗೆಣಸಿನ ಹೊಲದ ಕಳೆ ಕೀಳುತ್ತ ಉಳಿದುಬಿಟ್ಟಳು. ಅಲ್ಲಿಯ ಹೆಂಗಸರು ಮೊದಮೊದಲು ಅವಳನ್ನು 'ಹೆಣದವಳು' ಎಂದೇ ಕರೆಯುತ್ತಿದ್ದರು. ಮುದುಕ ತೀರಿಹೋದಮೇಲೆ ಮನೆ ಅವಳಿಗಾಯಿತು. ಮುಂದೊಂದು ಮಳೆಗಾಲದಲ್ಲಿ ನದಿ ದಡವನ್ನು ಕೊರೆಯಿತು. ಒಂದು ಮಧ್ಯಾಹ್ನ ಸೊರಾಯ್ದಾಳ ಸಮಾಧಿ, ಅದರ ಪಕ್ಕದ ಹಲಸಿನ ಮರ ಎರಡೂ ಕುಸಿದು ಹೋದವು.

ಆಮೇಲೆ ಅವಳನ್ನು ಕಂಡಾಗ, "ಇನ್ನೇನಿದೆ ಇಲ್ಲಿ? ಊರಿಗೆ ಬಾರೇ," ಎಂದೆ.

"ಅಲ್ಲಿ ಮಾತ್ರ ಏನಿದೆ?" ಎಂದಳು.

ಈಗಲೂ ಅಲ್ಲೇ ಇದ್ದಾಳೆ. ನಮ್ಮ ಲಾಂಚು ಬಂದಾಗ ಬಾಳೆಗೊನೆ ಹೊತ್ತು ದಡಕ್ಕೆ ಇಳಿದು ಬರುತ್ತಾಳೆ, ನನ್ನ ಮಂಡಿನೋವು ವಿಚಾರಿಸುತ್ತಾಳೆ. ಹೆರಾಕ್ಲಿಯೋ ಮಾತಾಡಿಸಿದರೆ ಮಾತ್ರ ಕೇಳಿಸಲೇ ಇಲ್ಲವೆಂಬಂತೆ ಗೊನೆ ಇಳಿಸಿ ದಿಣ್ಣೆ ಹತ್ತಿ ಹೋಗುತ್ತಾಳೆ.